ಮಾಮಾನ ಹಾಜರಿಯಲ್ಲಿ ಯಾವಾಗಲೂ ಒಂದು ಹೆಚ್ಚು

ನಮ್ಮ ಸೋದರಮಾವನಿಗೆ ಎಣಿಸಲು ಬರುವುದಿಲ್ಲ. ನಾನು ಸರ್ಕಾರಿ ಪ್ರೌಢಶಾಲೆಯ ಗಣಿತದ ಶಿಕ್ಷಕಿಯಾದ್ದರಿಂದ ಈ ಮಾತನ್ನು ಪೂರ್ಣ ಜವಾಬ್ದಾರಿಯಿಂದ ಹೇಳುತ್ತಿದ್ದೇನೆ. ಕಾಲುವೆಯಲ್ಲಿ ಎಷ್ಟು ಅಡಿ ನೀರು ಹರಿಯುತ್ತಿದೆ ಎಂದು ಅವನು ದಂಡೆಯ ಮೇಲೆ ನಿಂತೇ ಹೇಳುತ್ತಾನೆ. ಇಂಜಿನಿಯರು ಅಳೆದು ನೋಡಿದರೆ ಒಂದು ಇಂಚು ಆಚೀಚೆ ಇರುವುದಿಲ್ಲ. ನೀರಿನಲ್ಲಿ ಮುಳುಗಿ ಕೂತ ಎಮ್ಮೆಗಳನ್ನು ಬರೀ ಕೊಂಬು ನೋಡಿ ಎಣಿಸುತ್ತಾನೆ. ಆದರೆ ನಮ್ಮೂರ ಹತ್ತನೇ ತರಗತಿಯ ಮಕ್ಕಳನ್ನು ಎಣಿಸು ಎನ್ನಿ, ಮುಗಿಯಿತು ಕಥೆ! ಹೆಡ್‌ಮಾಸ್ತರರ ಲೆಕ್ಕದಲ್ಲಿ ನಲವತ್ತೊಂದು ಇದ್ದರೆ ಇವನ ಲೆಕ್ಕದಲ್ಲಿ ನಲವತ್ತೆರಡು. ಅದರ ಹಿಂದಿನ ವರ್ಷ ಅವರದು ಮೂವತ್ತಾರು, ಇವನದು ಮೂವತ್ತೇಳು. ಒಂದು ಕಡಿಮೆ ಎಣಿಸಿದ್ದಿಲ್ಲ, ಎರಡು ಹೆಚ್ಚು ಎಣಿಸಿದ್ದೂ ಇಲ್ಲ. ತಪ್ಪು ಮಾಡುವುದರಲ್ಲಿ ಇಷ್ಟು ಶಿಸ್ತು ಇರುವ ಮನುಷ್ಯನನ್ನು ನೀವು ನೋಡಿದ್ದೀರಾ?

ನಾನು ಅವನಿಗೆ ಏಕವಚನ ಹಚ್ಚಿದ್ದಕ್ಕೆ ಬೇಸರಿಸಬೇಡಿ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಕೊಟ್ಟರೆ, ಸೊಸೆ ಸಿಟ್ಟಾಗಿದ್ದಾಳೆ ಎಂದು ತಿಳಿದು ಊಟ ಬಿಡುತ್ತಾನೆ.

ಕಾಲುವೆಯ ಗೇಟ್ ಎತ್ತುವುದು, ಇಳಿಸುವುದು ಮಾಮಾನ ಕೆಲಸ. ನಮ್ಮೂರು ಶಹಾಪುರಕ್ಕೂ ಸುರಪುರಕ್ಕೂ ನಡುವೆ, ದೇವಾಪುರದ ಬಸ್ಸು ಇಳಿದು ಇನ್ನಷ್ಟು ದೂರ ನಡೆದರೆ, ಒಂದು ಮರಿಕಾಲುವೆಯ ಕಟ್ಟಕಡೆಗೆ ಇದೆ. ಇಂಜಿನಿಯರ ಭಾಷೆಯಲ್ಲಿ ಟೇಲ್‌ಎಂಡ್. ಮೇಲಿನ ಊರಿನವರು ಭತ್ತದ ಗದ್ದೆ ತುಂಬಿಸಿಕೊಂಡು, ಎಮ್ಮೆ ಮೈ ತೊಳೆದು, ಟ್ರ್ಯಾಕ್ಟರ್ ತೊಳೆದು, ತಾವೂ ಈಜಾಡಿ ಮೇಲೆ ಬಂದ ನಂತರ ಉಳಿದ ನೀರು ನಮ್ಮದು. ಮಾಮಾ ಈ ಕಾಲುವೆಯ ಮೇಲೆ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಹೆಗಲ ಮೇಲೆ ಗೇಟ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಹೊತ್ತುಕೊಂಡು ತಿರುಗುತ್ತಾನೆ. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಉದ್ದನೆಯ ಪುಸ್ತಕ. ಅದರ ಮುಂದಿನ ಅರ್ಧದಲ್ಲಿ ಯಾವ ಹೊಲಕ್ಕೆ ಯಾವ ದಿನ ನೀರಿನ ಪಾಳಿ ಎಂಬ ವಿವರ. ಹಿಂದಿನ ಅರ್ಧದಲ್ಲಿ ನಮ್ಮೂರ ಹೈಸ್ಕೂಲಿನ ಹತ್ತನೇ ತರಗತಿಯ ಹಾಜರಿ!

ಶಾಲೆಯಲ್ಲಿ ಹಾಜರಿ ಹಾಕಲು ನಾವಿಲ್ಲವೇ? ಇದ್ದೇವೆ. ಆದರೆ ಏಳನೇ ಇಯತ್ತೆಗೆ ಓದು ನಿಲ್ಲಿಸಿದ ಈ ಮನುಷ್ಯ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷನಾಗಿದ್ದೇ ಆಗಿದ್ದು, ಶಾಲೆಯೂ ತನ್ನ ಕಾಲುವೆಯ ಒಂದು ತೂಬು ಎಂದು ತಿಳಿದುಬಿಟ್ಟಿದ್ದಾನೆ.

ನಮ್ಮ ಜಿಲ್ಲೆಯ ವಿಷಯ ನಿಮಗೆ ಗೊತ್ತೇ ಇರಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಬೇರೆ ಜಿಲ್ಲೆಯವರು ಪತ್ರಿಕೆಯ ಪಟ್ಟಿಯನ್ನು ಮೇಲಿನಿಂದ ಓದುತ್ತಾರೆ. ನಾವು ಕೆಳಗಿನಿಂದ. ಬೇಗ ಸಿಗುತ್ತದೆ, ಕಣ್ಣಿಗೂ ಆಯಾಸವಿಲ್ಲ! ನಾನು ಹತ್ತಿಕುಣಿ ಕಡೆಯ ಶಾಲೆಯಿಂದ ವರ್ಗವಾಗಿ ನಮ್ಮೂರಿಗೇ ಬಂದ ವರ್ಷ, ಇದನ್ನು ನೆನೆದು ಮಾಮಾನ ಮುಂದೆ ಮುಖ ಸಣ್ಣದು ಮಾಡಿದ್ದೆ.

"ಪಟ್ಟಿ ಅಂದ್ರ ಒಂದ್ ಕೆನಾಲ್ ಇದ್ದಂಗ ಯವ್ವಾ" ಎಂದ ಮಾಮಾ. "ಮ್ಯಾಲಿನವ್ರು ತುಂಬಿಸ್ಕೊಂಡ ಮ್ಯಾಲ ನಮ್ಮ ಪಾಳಿ. ನೀರ ಬರಾಕತ್ತೈತಿ, ಹಾದ್ಯಾಗೈತಿ. ನೀ ಕಾಲುವಿ ಹೂಳ ತಗಿ, ಸಾಕು."

ಹೂಳು ತೆಗೆಯುವ ಮೊದಲ ಹಂತವಾಗಿ ನನಗೆ ಸಿಕ್ಕಿದ್ದು ಇಲಾಖೆಯ ಮಾಹಿತಿ ತುಂಬುವ ಕೆಲಸ. ಗಂಡು ಎಷ್ಟು, ಹೆಣ್ಣು ಎಷ್ಟು, ಪರಿಶಿಷ್ಟ ಜಾತಿ, ಪಂಗಡ, ಅಲ್ಪಸಂಖ್ಯಾತರು, ಮನೆಮಾತು ಯಾವುದು, ತಂದೆಯ ಉದ್ಯೋಗ ಏನು. ಕಂಪ್ಯೂಟರಿನಲ್ಲಿ ಒಂದು ಕಾಲಂ ತುಂಬಿದರೆ ಇನ್ನೆರಡು ಹುಟ್ಟುತ್ತವೆ. ನಮ್ಮ ಶಾಲೆಯೋ ಒಂದು ಸಂತೆ! ಭತ್ತ ಬೆಳೆಯಲು ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನಿಂದ ಬರುವ ತೆಲುಗಿನ ಮಕ್ಕಳು, ತಾಂಡಾದವರು, ಮನೆಯಲ್ಲಿ ಉರ್ದು ಮಾತಾಡುವವರು, ಬುದ್ಧವಿಹಾರದ ಓಣಿಯವರು, ಹೊಳೆದಂಡೆಯಲ್ಲಿ ಮೀನು ಹಿಡಿಯುವ ಮನೆಗಳಿಂದ ಬಂದು ಅಜ್ಜಿಯ ಹತ್ತಿರ ಇರುವವರು. ಒಂದು ಮಧ್ಯಾಹ್ನ ತಲೆ ಹಿಡಿದು ಕೂತಿದ್ದಾಗ ಮಾಮಾ ಬಂದು ತನ್ನ ಪುಸ್ತಕ ಬಿಚ್ಚಿಟ್ಟ. ಅದರಲ್ಲಿ ಮೂರೇ ಕಾಲಂ: ಮ್ಯಾಲಿನವ್ರು, ನಡುವಿನವ್ರು, ಕೊನೀಯವ್ರು.

"ಇದೇನ್ ಮಾಮಾ, ಜಾತಿ ಎಲ್ಲಿ? ಭಾಷೆ ಎಲ್ಲಿ?"

"ಅವು ನಿಮ್ಮ ಕಂಪ್ಯೂಟರಿಗಿ ಬೇಕು. ನನಗ ಬೇಕಾದ್ದು ಇಷ್ಟs. ಯಾರ ಮನೀಗಿ ನೀರ ಮೊದಲ ಮುಟ್ಟತೈತಿ, ಯಾರ ಮನೀಗಿ ಕಡೀಕ ಮುಟ್ಟತೈತಿ. ನಾಳಿ ನಿನ್ನ ಕ್ಲಾಸಿನ್ಯಾಗ ಒಂಬತ್ತು ಮಂದಿ ಇರಂಗಿಲ್ಲ, ಬೇಕಂದ್ರ ನೋಡು."

"ನಿನಗ ಹೆಂಗ ಗೊತ್ತು?"

"ಇವತ್ತ ಮುಂಜಾನಿ ಗೇಟ್ ಎತ್ತೀನಿ. ನಾಳಿ ಮ್ಯಾಲಿನ ಗದ್ದ್ಯಾಗ ನೆಲ್ಲ ಹಚ್ಚತಾರ."

ಮರುದಿನ ಹಾಜರಿ ಕರೆದೆ. ಒಂಬತ್ತು ಮಂದಿ ಇರಲಿಲ್ಲ, ಭತ್ತದ ನಾಟಿಗೆ ಹೋಗಿದ್ದರು. ಹತ್ತನೆಯವನೊಬ್ಬ ಬಂದಿರಲಿಲ್ಲವಾದರೂ ಅವನಿಗೆ ನಿಜವಾಗಿಯೂ ಜ್ವರ ಬಂದಿತ್ತಂತೆ. ಅಂದಿನಿಂದ ನಾನು ಇಲಾಖೆಯ ಕಾಲಂಗಳನ್ನು ತುಂಬಿ ಮುಗಿಸಿದ ಮೇಲೆ ಮಾಮಾನ ಪುಸ್ತಕವನ್ನೂ ಒಮ್ಮೆ ಕದ್ದು ನೋಡತೊಡಗಿದೆ.

ಗೊತ್ತಾದ ಮೇಲೆ ಸುಮ್ಮನಿರುವ ಪೈಕಿ ಅಲ್ಲ ಅವನು. ಅದೇ ವಾರ ಮೇಲಿನ ಹೊಲದವನೊಬ್ಬ ಏದುಸಿರು ಬಿಡುತ್ತಾ ಶಾಲೆಯ ಗೇಟಿಗೆ ಬಂದ. ಮಾಮಾ ಅಲ್ಲೇ ಬೇವಿನ ಮರದ ಕೆಳಗೆ ಕೂತಿದ್ದ.

"ಕಾಕಾ, ನನ್ನ ಹೊಲಕ್ಕ ನೀರ ಯಾಕ ಬಂದಿಲ್ಲ?"

"ನಿನ್ನ ಮಗಳು ಸಾಲಿಗಿ ಯಾಕ ಬಂದಿಲ್ಲ?"

"ಅದಕ್ಕೂ ಇದಕ್ಕೂ ಏನ್ ಸಂಬಂಧರಿ?"

"ನೀರ ಬಂತಂತ ಅಲ್ಲೇನು ನೀ ಆಕಿನ್ನ ಸಾಲಿ ಬಿಡಿಸಿದ್ದು? ಹಂಗಾದ್ರ ನೀರ ನಿಂತ್ರ ಆಕಿ ಬರಬೇಕಲ್ಲ! ಲೆಕ್ಕ ಹಗರ ಐತಿ, ತಲಿ ಕೆಡಿಸ್ಕೋಬ್ಯಾಡ."

ಮರುದಿನ ಹುಡುಗಿ ಶಾಲೆಗೆ ಬಂದಳು. ಅದರ ಮರುದಿನ ಇಂಜಿನಿಯರ ಜೀಪೂ ಬಂತು! ಸರ್ಕಾರದ ನೀರನ್ನು ನಿಲ್ಲಿಸಲು ನೀನು ಯಾರು, ಯಾವ ನಿಯಮದಲ್ಲಿ ಹೀಗಿದೆ ಎಂದು ಅವರು ಗದರಿದರು. ಮಾಮಾ ಕೈಕಟ್ಟಿ ನಿಂತು, "ಕೊನೀಯವ್ರಿಗಿ ಮೊದಲ ಮುಟ್ಟಬೇಕು ಅಂತ ನೀವs ಮೀಟಿಂಗಿನ್ಯಾಗ ಹೇಳೀರಲ್ರಿ ಸಾಹೇಬ್ರ. ಆ ಹುಡುಗಿ ಕೊನೀ ಬೆಂಚಿನಾಕಿ" ಎಂದ. ಇಂಜಿನಿಯರು ಕರವಸ್ತ್ರ ತೆಗೆದು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಇನ್ನೊಮ್ಮೆ ಹೀಗೆ ಮಾಡಿದರೆ ಕೆಲಸ ಹೋದೀತು ಎಂದು ಲಿಖಿತ ಎಚ್ಚರಿಕೆ ಕೊಟ್ಟು ಹೋದರು. ಮಾಮಾ ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟು, ಊರೆಲ್ಲ ತಿರುಗಿ, "ಸಾಲಿ ಸಲುವಾಗಿ ಸರ್ಕಾರದಿಂದ ನನ್ನ ಹೆಸರಿಗಿ ಕಾಗದ ಬಂದೈತಿ" ಎಂದು ತೋರಿಸಿದ. ಓದಲು ಬಾರದವರೆಲ್ಲ ಕೈಮುಗಿದರು.

ನೀರು ನಿಲ್ಲಿಸುವ ದಾರಿ ಮುಚ್ಚಿತು. ಆದರೆ ಕೊನೆಯ ಬೆಂಚಿನ ವಿಷಯ ಅವನ ತಲೆಯಿಂದ ಇಳಿಯಲಿಲ್ಲ. ಒಂದು ಸೋಮವಾರ ನಾನು ಹತ್ತನೇ ತರಗತಿಗೆ ಹೋಗಿ ನೋಡುತ್ತೇನೆ, ಕೋಣೆಯ ಹಿಂದಿನ ಗೋಡೆ ಪೂರ್ತಿ ಕಪ್ಪಗೆ ಹೊಳೆಯುತ್ತಿದೆ! ಭಾನುವಾರ ಯಾರಿಗೂ ಹೇಳದೆ ಮಾಮಾ ಅಲ್ಲೊಂದು ಕರಿಹಲಗೆ ಬಳಿದುಬಿಟ್ಟಿದ್ದ. ಒಂದು ಪಿರಿಯಡ್ ಮುಂದಿನ ಹಲಗೆಯಲ್ಲಿ, ಒಂದು ಪಿರಿಯಡ್ ಹಿಂದಿನ ಹಲಗೆಯಲ್ಲಿ ಪಾಠ ಮಾಡಬೇಕು. ಹಾಗೆ ಮಾಡಿದರೆ ಕೊನೆಯ ಬೆಂಚೇ ಮೊದಲನೆಯದಾಗುತ್ತದೆ ಎಂಬುದು ಅವನ ಏರ್ಪಾಟು. ಏರ್ಪಾಟೇನೋ ಚೆನ್ನಾಗಿತ್ತು. ಆದರೆ ಬಳಿದಿದ್ದು ಕಾಲುವೆ ಗೇಟಿಗೆ ಹಚ್ಚುವ ಎಣ್ಣೆಬಣ್ಣ. ಚಾಕ್‌ಪೀಸು ಹಿಡಿದು ಏನು ಬರೆದರೂ ಜಾರುತ್ತದೆ, ಅಕ್ಷರ ಮೂಡುವುದಿಲ್ಲ. ಗೋಡೆಯಲ್ಲಿ ನನ್ನ ಮುಖ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

"ಇದಕ್ಕ ತುಕ್ಕ ಹಿಡಿಯಂಗಿಲ್ಲ ನೋಡು" ಎಂದು ಮಾಮಾ ಹೆಮ್ಮೆಯಿಂದ ಹೇಳಿದ.

"ಗ್ವಾಡಿಗಿ ಎಲ್ಲ್ಯರ ತುಕ್ಕ ಹಿಡೀತೈತೇನು ಮಾಮಾ?"

ಮೂರು ಸಂಜೆ ಕೂತು ಮರಳಿನಿಂದ ಅದನ್ನು ಉಜ್ಜಿ ತೆಗೆದ. ಕೊನೆಗೆ ನಮ್ಮವ್ವ ಇದ್ದಿಲು ಅರೆದು, ತೊಂಡೆ ಎಲೆಯ ರಸ ಸೇರಿಸಿ ಹಚ್ಚಿಕೊಟ್ಟಳು. ಮಾಮಾನಿಗೆ ಅವಳು ಒಬ್ಬಳೇ ತಂಗಿ. ಅದೇ ಊರಲ್ಲಿ, ಪಕ್ಕದ ಓಣಿಯಲ್ಲೇ ನಮ್ಮ ಮನೆ. ಹಲಗೆ ಒಣಗಿದ ಮೇಲೆ ಅವ್ವ ಅದರ ಮೇಲೆ ಕೈಯಾಡಿಸಿ, ಒಂದು ಚಾಕ್‌ಪೀಸಿನ ತುಂಡು ತೆಗೆದುಕೊಂಡು ಸಣ್ಣದೊಂದು ಗೆರೆ ಎಳೆದು, "ಹತ್ತತೈತಿ" ಎಂದು ಮನೆಗೆ ಹೋದಳು. ನಾನು ಆಗ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮರುದಿನದಿಂದ ನಾನು ಕೋಣೆಯ ಆ ತುದಿಯಿಂದ ಈ ತುದಿಗೆ ಓಡಾಡಿದೆ, ಮಕ್ಕಳು ಗಿರಗಿರನೆ ತಿರುಗಿ ಕೂತರು, ಮೊದಲ ಬೆಂಚಿನ ಜಾಣರು ಕೊನೆಯವರಾಗಿ ಕಂಗಾಲಾದರು. ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವ ಸೌಲಭ್ಯ ನಮ್ಮ ಶಾಲೆಯಲ್ಲಿ ಶಾಶ್ವತವಾಗಿ ರದ್ದಾಯಿತು.

ಹೀಗೆ ನಲವತ್ತೊಂದು ಮಕ್ಕಳನ್ನು ದಬ್ಬಿಕೊಂಡು ಮೆಣಸಿನಕಾಯಿ ಕಾಲದವರೆಗೆ ಬಂದೆವು. ನಲವತ್ತೊಂದೂ ಪಾಸಾದರೆ ನಮ್ಮ ಶಾಲೆಗೆ ಮೊದಲ ಸಲ ಪೂರ್ಣ ಫಲಿತಾಂಶ. ಆಗ ರೇಣುಕಾ ಶಾಲೆ ಬಿಟ್ಟಳು.

ಅವಳಪ್ಪನದು ಕಾಲುವೆ ಮುಗಿಯುವಲ್ಲಿ ಎರಡೆಕರೆ. ಒಳ್ಳೆಯ ಮನುಷ್ಯ. ಹೊಲದಲ್ಲಿ ಮೆಣಸಿನಕಾಯಿ ಕೆಂಪಗೆ ನಿಂತಿತ್ತು, ಬಿಡಿಸಬೇಕಾದ ಹೆಂಡತಿ ಕಾಲುವೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಮಲಗಿದ್ದಳು. ರೇಣುಕಾ ಹೋಗದೆ ಬೇರೆ ದಾರಿ ಇರಲಿಲ್ಲ. ಹುಡುಗಿ ಗಣಿತದಲ್ಲಿ ಮೊದಲೇ ಅಂಚಿನಲ್ಲಿದ್ದಳು. ಹೆಡ್‌ಮಾಸ್ತರರು ಸ್ಟಾಫ್ ರೂಮಿನಲ್ಲಿ ದನಿ ತಗ್ಗಿಸಿ, "ಆಕಿ ಈ ವರ್ಷ ಪರೀಕ್ಷೆಗೆ ಕೂಡದಿದ್ದರೂ ನಡೀತೈತ್ರಿ. ಮುಂದಿನ ವರ್ಷ ಬರೀಲಿ. ನಲವತ್ತಕ್ಕ ನಲವತ್ತು ಬಂದ್ರೂ ಪೂರ್ಣಾನೇ ಅಲ್ಲೇನ್ರಿ?" ಎಂದರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಾನೂ ಹೂಂ ಎಂದೆ.

ಬಾಗಿಲಲ್ಲಿ ನಿಂತಿದ್ದ ಮಾಮಾ ಹ್ಯಾಂಡಲನ್ನು ಠಣ್ ಎಂದು ನೆಲಕ್ಕೆ ಇಟ್ಟ. ಅವನು ಸಿಟ್ಟಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮುಂದಿನ ವರ್ಷ ಅಂದ್ರ ಬರಂಗಿಲ್ರಿ ಸರ್. ಯಾವಾಕೀನೂ ಬಂದಿಲ್ಲ."

ಅಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ರೇಣುಕಾಳ ಅಪ್ಪನನ್ನು ಕೂರಿಸಿಕೊಂಡು ಮಾಮಾ ವಾದ ಮಾಡಿದ. ವಾದ ಎತ್ತಲೂ ಸಾಗಲಿಲ್ಲ. ಕಾಯಿ ಯಾರು ಬಿಡಿಸಬೇಕು ಎಂಬ ಪ್ರಶ್ನೆಗೆ ಮಾಮಾನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಆಗ ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಆಕಿ ಬದಲಿ ನಾ ಬಿಡಸ್ತೀನಿ. ಮುಯ್ಯಾಳು ಅಂತ ತಿಳಕೋ."

ಮುಯ್ಯಾಳು ಎಂದರೆ ಕೂಲಿಯಿಲ್ಲದ ಆಳು. ಇವತ್ತು ನಾನು ನಿಮ್ಮ ಹೊಲದಲ್ಲಿ ದುಡಿದರೆ, ನಾಳೆ ನೀವು ಬಂದು ನನ್ನ ಹೊಲದಲ್ಲಿ ಅಷ್ಟೇ ದಿನ ದುಡಿಯಬೇಕು. ರೇಣುಕಾಳ ಅಪ್ಪ ತಲೆ ಕೆರೆದುಕೊಂಡ. "ಮುಯ್ಯಾಳಂದ್ರ ತಿರುಗಿ ತೀರಸಬೇಕಲ್ಲಕ್ಕಾ. ನಿಮ್ಮ ಹೊಲದ ಸುಗ್ಗಿ ಮುಗದೈತಿ. ನಿಮಗ ನಮ್ಮಿಂದ ಏನ್ ಕೆಲಸ ಬೀಳ್ತೈತಿ?"

"ಬಿದ್ದಾಗ ಕೇಳ್ತೀನಿ ತಗೋ" ಎಂದು ಅವ್ವ ಒಳಗೆ ಹೋದಳು.

ಮಾಮಾನಿಗೆ ಇದು ಹಿಡಿಸಿದ್ದು ಹೇಗೆಂದರೆ, ಮರುದಿನದಿಂದ ಶಾಲಾಭಿವೃದ್ಧಿ ಸಮಿತಿಯ ಸಭೆ ಮೆಣಸಿನಕಾಯಿ ಹೊಲದಲ್ಲಿಯೇ ನಡೆಯತೊಡಗಿತು! ಸದಸ್ಯರೆಲ್ಲ ಸಾಲು ಹಿಡಿದು ಬಿಡಿಸುವುದು, ಅಧ್ಯಕ್ಷರು ಸೀನುವುದು. ಘಾಟಿಗೆ ಕಣ್ಣುರಿದು ಕೈಯಿಂದ ಒರೆಸಿಕೊಂಡ. ಆ ಕೈಯಲ್ಲೇ ಕಾಯಿ ಬಿಡಿಸಿದ್ದ ಎಂಬುದು ಒರೆಸಿದ ಮೇಲೆ ನೆನಪಾಯಿತು. ಅವನು ಕೂಗಿದ ಕೂಗಿಗೆ ಕಾಲುವೆಯಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಸುರಪುರದ ಕಡೆ ಹೋದವು. ಅವ್ವ ಮಾತ್ರ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಯಾರ ಜೊತೆಯೂ ಮಾತಾಡದೆ, ರೇಣುಕಾಳ ಸಾಲನ್ನು ದಿನಾ ತಾನೇ ಮುಗಿಸಿದಳು. ರೇಣುಕಾ ಎರಡೂ ಹಲಗೆಗಳ ಮುಂದೆ ಕೂತು ಲೆಕ್ಕ ಮಾಡಿದಳು.

ಫಲಿತಾಂಶದ ದಿನ ಶಾಲೆಯಲ್ಲಿ ಜಾತ್ರೆಯಷ್ಟು ಜನ. ತಾಲ್ಲೂಕಿನ ಶಾಲೆಗಳ ಪಟ್ಟಿ ಬಂತು. ಹೆಡ್‌ಮಾಸ್ತರರು, ನಾನು, ಮಾಮಾ ಮೂವರೂ ಅದರ ಮೇಲೆ ಬಗ್ಗಿದೆವು. ಅಭ್ಯಾಸಬಲ ನೋಡಿ, ಕೆಳಗಿನಿಂದ ಹುಡುಕತೊಡಗಿದೆವು. ಕೊನೆಯಲ್ಲಿಲ್ಲ. ಅದರ ಮೇಲಿಲ್ಲ. ಅರ್ಧ ಪುಟ ದಾಟಿದರೂ ನಮ್ಮ ಶಾಲೆಯ ಹೆಸರೇ ಇಲ್ಲ! ಹೆಡ್‌ಮಾಸ್ತರರ ಹಣೆ ಬೆವರಿತು. "ನಮ್ಮ ಸಾಲೀನs ಬಿಟ್ಟಾರಲ್ರಿ ಇವ್ರು" ಎಂದು ಅವರು ಕಚೇರಿಗೆ ಫೋನು ಹಚ್ಚಿ, ಜೋರು ಮಾಡಿ, ಅತ್ತಲಿಂದ ಏನೋ ಕೇಳಿಸಿಕೊಂಡು, ಮೆಲ್ಲಗೆ ಫೋನಿಟ್ಟರು.

"ಮ್ಯಾಲಿಂದ ಓದ್ರಿ ಅನ್ನಾಕತ್ತಾರ."

ಮೇಲಿಂದ ಓದಿದೆವು. ಮೊದಲ ಸಾಲುಗಳಲ್ಲೇ ಇದ್ದೆವು. ನಲವತ್ತೊಂದಕ್ಕೆ ನಲವತ್ತೊಂದು! ರೇಣುಕಾಳದು ಗಣಿತದಲ್ಲಿ ಗಡಿ ದಾಟಿ ನಾಲ್ಕು ಅಂಕ. ಕ್ಯಾಂಪಿನವರು, ತಾಂಡಾದವರು, ಓಣಿ ಓಣಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಯಾರ ಮಗು ಯಾರ ಹೆಗಲ ಮೇಲಿದೆ ಎಂದು ಗೊತ್ತಾಗದಂತೆ ಕುಣಿದರು. ನನ್ನ ಜಿಲ್ಲೆಯ ಬಗ್ಗೆ ಯಾರು ಏನೇ ಹೇಳಲಿ, ಆ ದಿನ ಆ ಅಂಗಳದಲ್ಲಿ ನಿಂತಿದ್ದಕ್ಕೆ ನನಗೆ ಇವತ್ತಿಗೂ ಎದೆಯುಬ್ಬುತ್ತದೆ.

ಹೆಡ್‌ಮಾಸ್ತರರು ಹಾರ ಹಿಡಿದು ಮಾಮಾನ ಕೊರಳಿಗೆ ಹಾಕಲು ಹೋದರು. ಮಾಮಾ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ ಸರ್. ಇನ್ನಾ ಒಂದ್ ಬಾಕಿ ಐತಿ. ನಲವತ್ತೆರಡು."

ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮಾತ್ರ ರೇಗಿತು. ಇಂಥ ದಿನವೂ ಇವನದು ಅದೇ ಹಟವೇ? "ಕೊಡು ಇಲ್ಲಿ, ಯಾವ ಲೆಕ್ಕ ನೋಡೂಣು" ಎಂದು ಅವನ ಕಂಕುಳಿಂದ ಪುಸ್ತಕ ಕಿತ್ತುಕೊಂಡು ಹೆಸರುಗಳ ಮೇಲೆ ಬೆರಳಿಟ್ಟು ಎಣಿಸಿದೆ. ನಲವತ್ತೊಂದು ಹೆಸರು ಮುಗಿದ ಮೇಲೆ ಒಂದು ಗೆರೆ ಎಳೆದು, ಅದರ ಕೆಳಗೆ ನಮ್ಮವ್ವನ ಹೆಸರು ಬರೆದಿದ್ದ. ಮುಂದೆ 'ಗೈರು' ಎಂದಿತ್ತು. ಹಿಂದಿನ ವರ್ಷದ ಪುಟ ತಿರುವಿದೆ. ಅಲ್ಲಿಯೂ ಕೊನೆಗೆ ಅವ್ವ, ಗೈರು. ಅದರ ಹಿಂದಿನ ವರ್ಷವೂ ಹಾಗೆಯೇ.

ಮಾಮಾ ನನ್ನ ಮುಖ ನೋಡದೆ ಹೇಳಿದ. "ಕೆನಾಲಿಗಿ ಮೊದಲನೇ ಸಲ ನೀರ ಬಂದ ವರ್ಷ ಯವ್ವಾ. ನಿಮ್ಮವ್ವ ಹತ್ತನೇ ಇಯತ್ತ್ಯಾಗ ಇದ್ಲು, ಶ್ಯಾಣ್ಯಾಕಿ. ನೆಲ್ಲ ಹಚ್ಚಾಕ ಆಳಿಲ್ಲಂತ ನಾನs ಸಾಲಿಗಿ ಹೋಗಿ ಆಕಿನ್ನ ಕರಕೊಂಡ ಬಂದೆ. ಎಷ್ಟ ದಿನ ಅಂತ ಮಾಸ್ತರ ಕೇಳಿದ್ರು. ನಾಲ್ಕ ದಿನ ಅಂದೆ."

ನಾಲ್ಕು ದಿನ ಮುಗಿಯಲೇ ಇಲ್ಲ. ಗದ್ದೆ, ಕಳೆ, ಸುಗ್ಗಿ, ಆಮೇಲೆ ಮದುವೆ, ನಾನು. ಅವನ ತಪ್ಪು ಲೆಕ್ಕಕ್ಕೆ ವರ್ಷವಿಡೀ ನಕ್ಕ ನಾನು ಅಂದು ಆ ಪುಸ್ತಕವನ್ನು ಎದೆಗೊತ್ತಿಕೊಂಡು ಅತ್ತೆ. ಗಣಿತದ ಶಿಕ್ಷಕಿಗೆ ತನ್ನ ತಾಯಿಯನ್ನು ಎಣಿಸಬೇಕೆಂದು ಹೊಳೆದಿರಲಿಲ್ಲ!

ಮರುದಿನ ಬೆಳಿಗ್ಗೆ ರೇಣುಕಾ ಗಣಿತದ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದಳು. ಅಂಗಳದಲ್ಲಿ ನಡೆದದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಹೊಸ್ತಿಲಲ್ಲಿ ನಿಂತು, "ಅತ್ತೀ, ಮುಯ್ಯಾಳು ತೀರಸಾಕ ಬಂದೀನ್ರಿ" ಎಂದಳು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಈ ವಯಸ್ಸಿನ್ಯಾಗ ನನಗೇನ್ ಹುಚ್ಚ ಹಿಡದೈತೇನು?" ಎಂದು ನಕ್ಕಳು. ನಗುತ್ತಲೇ ಹೋಗಿ ಚಾಪೆ ತಂದು ಹಾಸಿದಳು. ಹುಡುಗಿ ಕಾಲೇಜಿಗೆ ಸೇರಿದ ಮೇಲೂ ಬಸ್ಸು ಇಳಿದು ನೇರ ನಮ್ಮ ಮನೆಗೇ ಬರುತ್ತಿದ್ದಳು. ನಾನು ಕಲಿಸುತ್ತೇನೆಂದರೆ ಅವ್ವ ಒಪ್ಪಲಿಲ್ಲ. ನಾನು ಬಹಳ ಬೈಯುತ್ತೇನಂತೆ.

ಮುಂದಿನ ವರ್ಷ ಅವ್ವ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ಕೇಂದ್ರ ಸುರಪುರದಲ್ಲಿತ್ತು. ನಮ್ಮ ಶಾಲೆಯ ಮಕ್ಕಳ ಕೇಂದ್ರವೂ ಅದೇ. ಮಾಮಾ ನಸುಕಿನಲ್ಲೇ ಬಂದು, ಮುಚ್ಚಿದ ಛತ್ರಿ ಹಿಡಿದು, ಹೆಗಲ ಮೇಲೆ ಹ್ಯಾಂಡಲ್ ಸಮೇತ ಗೇಟಿನ ಬಳಿ ನಿಂತಿದ್ದ. ಕಾವಲಿನ ಪೊಲೀಸು ಆ ಹ್ಯಾಂಡಲನ್ನು ಎರಡು ಸಲ ತಿರುಗಿ ನೋಡಿದ. ಮಕ್ಕಳು ಒಬ್ಬೊಬ್ಬರೇ ಒಳಗೆ ಹೋದರು, ಮಾಮಾ ಬೆರಳು ಮಡಚುತ್ತಾ ಎಣಿಸಿದ. ಎಲ್ಲರ ಹಿಂದೆ ಅವ್ವ, ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲಿ, ಪ್ರವೇಶಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಅಣ್ಣನ ಮುಂದೆ ನಿಂತಳು.

"ಯಣ್ಣಾ, ನಾಲ್ಕ ದಿನ ಆದ್ವು. ಒಳಗ ಹೋಗ್ಲೇನು?"

ಮಾಮಾ ಇನ್ನೊಂದು ಬೆರಳು ಮಡಚಿದ. ಬಿಸಿಲು ಇನ್ನೂ ಏರಿರಲಿಲ್ಲ. ಆದರೂ ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡ.